ನಿಮಗಿದು ಗೊತ್ತೇ? ತಂತಿ ಒಬ್ಬರದು, ಗಿರಾಕಿ ಇನ್ನೊಬ್ಬರ ಪಾಲು!

● ಗ್ರಹಾಂ ಬೆಲ್ ಅವರ ಮೂಲ ಪೇಟೆಂಟ್‌ಗಳ ಅವಧಿ 1894ರ ಹೊತ್ತಿಗೆ ಮುಗಿದದ್ದೇ ತಡ, ಅಮೆರಿಕದಲ್ಲಿ ಹೊಸ ಟೆಲಿಫೋನ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಆದರೆ ಬೆಲ್ ಕಂಪನಿಯ ಜಾಲಕ್ಕೂ ಇವುಗಳ ಜಾಲಕ್ಕೂ ಕೊಂಡಿಯೇ ಇರಲಿಲ್ಲ. ಹಾಗಾಗಿ ಎಷ್ಟೋ ಊರುಗಳಲ್ಲಿ ಅಂಗಡಿಯವರು ಎರಡು ಫೋನ್ ಇಟ್ಟುಕೊಂಡು ಎರಡು ಬಿಲ್ ಕಟ್ಟುತ್ತಿದ್ದರು.

● 1984ರ ಜನವರಿ 1ರಂದು ಬೆಲ್ ಬಳಗದ ದೈತ್ಯ ಎಟಿ ಅಂಡ್ ಟಿ ಹೋಳಾಯಿತು. ಸ್ಥಳೀಯ ಸೇವೆ ಏಳು 'ಬೇಬಿ ಬೆಲ್'ಗಳ ಪಾಲಾಯಿತು. ಮನೆ ಬಾಗಿಲಿನ ತಂತಿಯ ಮಟ್ಟಿಗೆ ಹೇಳುವುದಾದರೆ, ಒಬ್ಬ ದೊಡ್ಡ ಯಜಮಾನನ ಜಾಗಕ್ಕೆ ಏಳು ಜನ ಬಂದರು, ಅಷ್ಟೆ.

● ಈ ಯಜಮಾನಿಕೆಗೆ ಮದ್ದು ಬಂದದ್ದು ಅಮೆರಿಕದ 1996ರ ದೂರಸಂಪರ್ಕ ಕಾಯ್ದೆಯಲ್ಲಿ. ಹಳೆಯ ಕಂಪನಿ ತನ್ನ ಜಾಲವನ್ನು ಬಿಡಿಬಿಡಿಯಾಗಿ ಎದುರಾಳಿಗೇ ಬಾಡಿಗೆಗೆ ಕೊಡಬೇಕು! ಬಾಡಿಗೆಯ ಲೆಕ್ಕ ಇನ್ನೂ ಮಜವಾಗಿತ್ತು. ತಂತಿ ಎಳೆಯಲು ನಿಜವಾಗಿ ಎಷ್ಟು ಖರ್ಚಾಗಿತ್ತು ಎಂಬುದು ಲೆಕ್ಕಕ್ಕಿಲ್ಲ. ಅತ್ಯುತ್ತಮ ತಂತ್ರಜ್ಞಾನದಲ್ಲಿ ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾದೀತು ಎಂಬುದೇ ದರಕ್ಕೆ ಆಧಾರ. ಹಳೆಯ ಕಂಪನಿಗಳು ಕೋರ್ಟಿಗೆ ಹೋದವು. 2002ರಲ್ಲಿ ಸುಪ್ರೀಂ ಕೋರ್ಟ್ ಆ ಲೆಕ್ಕವನ್ನೇ ಎತ್ತಿಹಿಡಿಯಿತು.

● ಕಂಪನಿ ಬದಲಾದಾಗ ನಿಮ್ಮ ಬೀದಿಯಲ್ಲಿ ಯಾರೂ ನೆಲ ಅಗೆಯುವುದಿಲ್ಲ. ಬಡಾವಣೆಯ ಸಾವಿರಾರು ಜೋಡಿ ತಾಮ್ರದ ತಂತಿಗಳು ಎಕ್ಸ್‌ಚೇಂಜ್‌ನಲ್ಲಿ ಒಂದು ದೊಡ್ಡ ಕಬ್ಬಿಣದ ಚೌಕಟ್ಟಿಗೆ ಬಂದು ಸೇರುತ್ತವೆ. ಅಲ್ಲಿ ಗೇಣುದ್ದದ್ದೋ ಮಾರುದ್ದದ್ದೋ ಒಂದು ಜಂಪರ್ ತಂತಿ ಕಿತ್ತು ಬೇರೆ ಕಡೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಆದರೆ ಆ ಕೋಣೆ ಹಳೆಯ ಕಂಪನಿಯದು. ಹೊಸಬರು ಯಂತ್ರ ಇಡಲು ಜಾಗ ಕೇಳಬೇಕು, ಕರೆಂಟ್ ಕೇಳಬೇಕು, ಎಸಿ ಕೇಳಬೇಕು. ಎಷ್ಟೋ ಕಡೆ ಅವರ ಯಂತ್ರಗಳಿಗೆ ಪ್ರತ್ಯೇಕ ಜಾಲರಿ ಪಂಜರ, ಅದಕ್ಕೊಂದು ಬೀಗ! ಕಾನೂನು ಕೊಟ್ಟ ಹಕ್ಕು ಬಹಳ ಸಲ ಈ ಬಾಗಿಲಲ್ಲೇ ತಡವಾಯಿತು.

● ಒಂದೇ ತಂತಿಯಲ್ಲಿ ಇಬ್ಬರು ಬಾಡಿಗೆದಾರರಿಗೂ ಜಾಗವಿದೆ. ಮಾತು ಸಾಗುವುದು 4 ಕಿಲೋಹರ್ಟ್ಸ್‌ಗಿಂತ ಕೆಳಗೆ, ಬ್ರಾಡ್‌ಬ್ಯಾಂಡ್ ಅದಕ್ಕಿಂತ ಸಾಕಷ್ಟು ಮೇಲೆ.

● ಜರ್ಮನಿಯ ಡಾಯ್ಚ ಟೆಲಿಕಾಂ ಎದುರಾಳಿಗಳಿಂದ ಪಡೆಯುತ್ತಿದ್ದ ಸಗಟು ಬಾಡಿಗೆ, ತನ್ನದೇ ಗ್ರಾಹಕರಿಂದ ಪಡೆಯುತ್ತಿದ್ದ ಚಿಲ್ಲರೆ ದರಕ್ಕಿಂತ ಹೆಚ್ಚಾಗಿದ್ದ ಕಾಲವಿತ್ತು! 2003ರಲ್ಲಿ ಯುರೋಪಿಯನ್ ಆಯೋಗ 1.26 ಕೋಟಿ ಯೂರೋ ದಂಡ ಹಾಕಿತು. ದರಕ್ಕೆ ದೇಶದ ನಿಯಂತ್ರಕರೇ ಒಪ್ಪಿಗೆ ಕೊಟ್ಟಿದ್ದರು ಎಂಬ ವಾದ 2010ರಲ್ಲಿ ಯುರೋಪಿನ ನ್ಯಾಯಾಲಯದಲ್ಲೂ ನಿಲ್ಲಲಿಲ್ಲ.

● ಜಪಾನಿನಲ್ಲಿ ಸಾಫ್ಟ್‌ಬ್ಯಾಂಕ್‌ನ ಮಾಸಯೋಷಿ ಸನ್ 2001ರಲ್ಲಿ ಅಲ್ಲಿನ ಹಳೆಯ ಟೆಲಿಫೋನ್ ಕಂಪನಿ ಎನ್‌ಟಿಟಿಯ ತಂತಿಗಳ ಮೇಲೆಯೇ 'ಯಾಹೂ ಬಿಬಿ' ಶುರು ಮಾಡಿದರು. ಬೀದಿಯಲ್ಲಿ ಮೋಡೆಮ್‌ಗಳನ್ನು ಪುಕ್ಕಟೆ ಹಂಚಿಸಿದರು. ಎನ್‌ಟಿಟಿ ಸತಾಯಿಸುತ್ತಿದೆ ಎಂದು ಸಚಿವಾಲಯಕ್ಕೆ ನುಗ್ಗಿ, "ಇಲ್ಲೇ ಬೆಂಕಿ ಹಚ್ಚಿಕೊಳ್ಳುತ್ತೇನೆ" ಎಂದು ಅಧಿಕಾರಿಗಳನ್ನು ಹೆದರಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

● ಬ್ರಿಟನ್‌ ಹಿಡಿದದ್ದು ಇನ್ನೊಂದು ದಾರಿ. ಅಲ್ಲಿನ ಹಳೆಯ ಕಂಪನಿ ಬಿಟಿ 2006ರಲ್ಲಿ ತಂತಿ ನೋಡಿಕೊಳ್ಳುವ ವಿಭಾಗವನ್ನೇ 'ಓಪನ್‌ರೀಚ್' ಎಂದು ಬೇರ್ಪಡಿಸಿತು. ಬಿಟಿಗೂ ಅದರ ಎದುರಾಳಿಗಳಿಗೂ ಒಂದೇ ದರ, ಒಂದೇ ಸರದಿ.

● ನಮ್ಮಲ್ಲಿ? ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ತಂತಿಗಳನ್ನು ಇತರರಿಗೂ ತೆರೆಯಿರಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2004ರಲ್ಲೇ ಶಿಫಾರಸು ಮಾಡಿತ್ತು. ಅದೇ ವರ್ಷದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ. ಕೊನೆಗೆ ಪೈಪೋಟಿ ಬಂದದ್ದು ಮೊಬೈಲ್ ಟವರ್‌ನಿಂದ, ಕಂಬದಿಂದ ಕಂಬಕ್ಕೆ ಜೋತಾಡುವ ಕೇಬಲ್‌ನಿಂದ. ಬೆಂಗಳೂರಿನಲ್ಲಿ ಆ ವಿದ್ಯುತ್ ಕಂಬಗಳು ಬೆಸ್ಕಾಂನವು. ಅನುಮತಿಯಿಲ್ಲದ ಕೇಬಲ್‌ಗಳಿಗೆ ಆಗಾಗ ಕತ್ತರಿ ಬೀಳುತ್ತಲೇ ಇರುತ್ತದೆ.