ಮಾಳಿಗೆ ಮನೆ ಕಲಿಸಿದ ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಗಾದೆ ಮಾಡಿದವರು ಹಳೆಯ ಮನೆಯ ದುರಸ್ತಿಯ ಗೊಡವೆಗೆ ಹೋದಂತೆ ಕಾಣುವುದಿಲ್ಲ. ಹೋಗಿದ್ದರೆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ವಿಜ್ಞಾನ ಹೇಳಿದ ನನಗೆ, ನಿವೃತ್ತಿ ಹತ್ತಿರವಾದ ಈ ವಯಸ್ಸಿನಲ್ಲಿ ವಿಜ್ಞಾನವನ್ನು ಮತ್ತೊಮ್ಮೆ ಕಲಿಸಿದ್ದು ಖಟಕ ಚಿಂಚೋಳಿಯಲ್ಲಿರುವ ನಮ್ಮ ಹಿರಿಯರ ಮಾಳಿಗೆ ಮನೆ.

ನಮ್ಮ ಭಾಲ್ಕಿ ಸೀಮೆಯ ಹಳ್ಳಿಗಳಲ್ಲಿ ಇಂಥ ಮನೆಗಳನ್ನು ನೀವು ನೋಡಿರುತ್ತೀರಿ. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಒಳಗೆ ಮರದ ಕಂಬ, ತೊಲೆ, ಜಂತಿ. ಅದರ ಮೇಲೆ ಹಲಗೆ. ಹಲಗೆಯ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಬೇಸಿಗೆಯಲ್ಲಿ ಹೊರಗೆ ಉಷ್ಣಾಂಶ 40 ಡಿಗ್ರಿ ದಾಟಿದರೂ ಒಳಗೆ ತಂಪು. ನಿವೃತ್ತಿಯ ನಂತರ ಇಲ್ಲಿಯೇ ಇರಬೇಕು, ರಜೆಗೆ ಬರುವ ಮೊಮ್ಮಕ್ಕಳು ಇದೇ ಪಡಸಾಲೆಯಲ್ಲಿ ಮಲಗಬೇಕು ಎಂಬುದು ನನ್ನ ಆಸೆ. ಆದರೆ ಆ ಮಾಳಿಗೆಯ ಕೆಳಗೆ ಅವರನ್ನು ಮಲಗಿಸಬಹುದೇ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಆರು ತಿಂಗಳು ಕಳೆದವು.

ಗೋಡೆಗೆ ರೈನ್‌ಕೋಟ್

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಣ್ಣು ಉದುರುತ್ತದೆಂದು ಬೇಸತ್ತು, ಪೇಟೆಯಿಂದ ಗುತ್ತಿಗೆದಾರರೊಬ್ಬರನ್ನು ಕರೆಸಿ ಗೋಡೆಯ ಎರಡೂ ಬದಿಗೆ ಸಿಮೆಂಟಿನ ಗಿಲಾಯಿ ಮಾಡಿಸಿದೆ. ಮನೆ ಹೊಸದರಂತೆ ಕಂಡಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನೆಲದಿಂದ ಮೂರಡಿ ಎತ್ತರದವರೆಗೆ ಗೋಡೆ ಒದ್ದೆಯಾಗಿ, ಬಿಳಿಯ ಉಪ್ಪು ಕಾಣಿಸಿಕೊಂಡು, ಗಿಲಾಯಿ ಹಪ್ಪಳದಂತೆ ಉಬ್ಬಿ ಬೀಳತೊಡಗಿತು.

ಕಳೆದ ಡಿಸೆಂಬರಿನಲ್ಲಿ ಊರಿನ ಹಿರಿಯ ಗೌಂಡಿಯೊಬ್ಬರನ್ನು ಕರೆದು ತೋರಿಸಿದೆ. ಎಪ್ಪತ್ತರ ಆಸುಪಾಸಿನವರು. ನಾನು ಅವರನ್ನು ‘ಕಾಕಾ’ ಎನ್ನುತ್ತೇನೆ. ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ನಕ್ಕರು.

“ಸರ್, ಗ್ವಾಡಿಗಿ ರೈನ್‌ಕೋಟ್ ಹಾಕ್ಸೀರಿ. ಒಳಗಿನ ಬೆವರು ಎಲ್ಲಿ ಹೋಗ್ಬೇಕು?”

ನಾನು ಪ್ರತಿ ವರ್ಷ ದೀಪದ ಬತ್ತಿಯನ್ನು ತೋರಿಸಿ ಲೋಮನಾಳ ಕ್ರಿಯೆಯ ಪಾಠ ಮಾಡುತ್ತ ಬಂದವನು. ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ, ಮಣ್ಣಿನ ಗೋಡೆಯೂ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ಮಣ್ಣು ಅಥವಾ ಸುಣ್ಣದ ಲೇಪವಿದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟಿನ ಒತ್ತಾದ ಪದರ ಅದನ್ನು ಒಳಗೇ ಕೂಡಿಹಾಕುತ್ತದೆ. ಹೊರಬರಲಾಗದ ನೀರು ಇನ್ನಷ್ಟು ಮೇಲೇರುತ್ತದೆ. ಅದರಲ್ಲಿ ಕರಗಿದ ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಪಾಠ ನನಗೆ ಗೊತ್ತಿತ್ತು. ಅದು ನನ್ನ ಮನೆಯ ಗೋಡೆಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಸಿಮೆಂಟಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಈಗಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದೇ 1824ರಲ್ಲಿ. ಬೀದರಿನ ಮಹಮೂದ್ ಗವಾನ್ ಮದರಸಾ ಮುಗಿದದ್ದು 1472ರಲ್ಲಿ. ಅದರ ಗಾರೆ ಸುಣ್ಣದ್ದು. ಅದು ಇಂದಿಗೂ ನಿಂತಿದೆ.

1993ರ ಆ ಬೆಳಗಿನ ಜಾವ

ಗೋಡೆಯ ಪ್ರಶ್ನೆಗಿಂತ ದೊಡ್ಡದು ಮಾಳಿಗೆಯದು. ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಗಣೇಶ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ನಾನಾಗ ಬಿ.ಇಡ್. ಮುಗಿಸಿ ಕೆಲಸಕ್ಕೆ ಸೇರಿದ್ದ ಹೊಸತು. ಪಾತ್ರೆಗಳು ಗಲಗಲ ಎಂದ ಸದ್ದಿಗೆ ಎಚ್ಚೆತ್ತು ಅಂಗಳಕ್ಕೆ ಓಡಿಬಂದೆವು. ನಮ್ಮ ಮನೆ ಉಳಿಯಿತು. ಭಾಲ್ಕಿಯಿಂದ ಪಶ್ಚಿಮಕ್ಕೆ, ನೇರ ರೇಖೆಯಲ್ಲಿ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರ.

ಕಂಪನದ ಪ್ರಮಾಣ ಸುಮಾರು 6.2. ಅಷ್ಟಕ್ಕೇ ಇಷ್ಟೊಂದು ಜನ ಸತ್ತದ್ದೇಕೆ? ಆ ಪ್ರದೇಶವನ್ನು ಅದುವರೆಗೆ ಭೂಕಂಪದ ಅಪಾಯ ಅತಿ ಕಡಿಮೆ ಇರುವ ವಲಯಕ್ಕೆ ಸೇರಿಸಲಾಗಿತ್ತು. ಯಾರೂ ಸಿದ್ಧರಿರಲಿಲ್ಲ. ಅಲ್ಲಿದ್ದ ಮನೆಗಳಾದರೂ ಎಂಥವು? ಮಣ್ಣಿನಲ್ಲಿ ಕೂರಿಸಿದ ಒಡ್ಡೊಡ್ಡು ಕಲ್ಲಿನ ದಪ್ಪ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ನಮ್ಮ ಮನೆಯಂಥವೇ.

ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬಹುದು. ನಮ್ಮ ನಡುಮನೆಯ ಅಳತೆ 3 ಮೀಟರ್ x 4 ಮೀಟರ್. ಸೋರಿದಾಗಲೆಲ್ಲ ಒಂದೊಂದು ಬುಟ್ಟಿ ಬಿಳಿಮಣ್ಣು ಹಾಕುತ್ತ ಬಂದು ಮಾಳಿಗೆಯ ದಪ್ಪ 50 ಸೆಂಟಿಮೀಟರ್ ಆಗಿತ್ತು. ಅಂದರೆ 6 ಘನ ಮೀಟರ್ ಮಣ್ಣು. ಘನ ಮೀಟರಿಗೆ 1,600 ಕಿಲೋ ಎಂದು ಹಿಡಿದರೂ 9,600 ಕಿಲೋ. ಒಂದು ಕೋಣೆಯ ಮೇಲೆ ಮೂರು ಟ್ರ್ಯಾಲಿಯಷ್ಟು ಮಣ್ಣು! ಬಲವೆಂದರೆ ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ನ್ಯೂಟನ್ನನ ಎರಡನೆಯ ನಿಯಮ ಹೇಳುತ್ತದೆ. ನೆಲ ಅಡ್ಡಡ್ಡ ಅಲುಗಿದಾಗ ಮಾಳಿಗೆಯ ರಾಶಿ ಎಷ್ಟು ಹೆಚ್ಚೋ, ಗೋಡೆ-ಕಂಬಗಳ ಮೇಲೆ ಬೀಳುವ ಅಡ್ಡ ಬಲವೂ ಅಷ್ಟೇ ಹೆಚ್ಚು.

ಕಾಕಾ ಮತ್ತು ನಾನು

ಮಣ್ಣನ್ನು ಇಳಿಸೋಣ ಎಂದೆ. ಕಾಕಾ ಒಪ್ಪಲಿಲ್ಲ.

“ಮಣ್ಣು ತೆಗದ್ರ ಬ್ಯಾಸ್ಗಿದಾಗ ಮನ್ಯಾಗ ಕೂಡ್ಲಿಕ್ಕಿ ಆಗಲ್ರಿ ಸರ್. ಇದು ನಮ್ಮಪ್ಪ ಹಾಕಿದ ಮಾಳಗಿ.”

ಅವರ ಮಾತಿನಲ್ಲಿ ತಥ್ಯವೂ ಇತ್ತು, ಅಭಿಮಾನವೂ ಇತ್ತು. ವಾದ ಮಾಡಿ ಗೆಲ್ಲುವ ವಿಷಯವಲ್ಲ ಇದು. ಮರುದಿನ ಒಂದು ಹಲಗೆಯ ಮೇಲೆ ಹಸಿ ಮಣ್ಣು ಮೆತ್ತಿ, ಕಸಬರಿಗೆ ಕಡ್ಡಿಗಳನ್ನು ನೆಟ್ಟು, ಮೇಲೆ ರಟ್ಟು ಅಂಟಿಸಿ ಎರಡು ಪುಟ್ಟ ಮನೆ ಮಾಡಿದೆ. ಒಂದರ ರಟ್ಟಿನ ಮೇಲೆ ಏನೂ ಇಲ್ಲ. ಇನ್ನೊಂದರ ಮೇಲೆ ಒಂದು ಚಿಕ್ಕ ಕಲ್ಲು ಕಟ್ಟಿದೆ. ಕಾಕಾನ ಕೈಗೇ ಹಲಗೆ ಕೊಟ್ಟು ಅಲುಗಿಸಲು ಹೇಳಿದೆ. ಕಲ್ಲು ಹೊತ್ತ ಮನೆ ತೂಗಾಡಿ ಒರಗಿತು. ಇನ್ನೊಂದು ನಿಂತೇ ಇತ್ತು. ಅವರು ಎರಡು ಮೂರು ಸಲ ಅಲುಗಿಸಿ ನೋಡಿದರು. ಮತ್ತೆ ಒಂದು ಬೀಡಿ ಮುಗಿಯುವವರೆಗೆ ಮಾತಾಡಲಿಲ್ಲ.

“ಬರೇ ಭಾರ ಇಳ್ಸಿದ್ರ ಆಗಲ್ಲ ಸರ್,” ಎಂದರು ಕೊನೆಗೆ. “ಈ ಗ್ವಾಡಿ ಒಂದಲ್ಲ, ಎರಡ ಅದಾವ.”

ಈಗ ಕಲಿಯುವ ಸರದಿ ನನ್ನದು. ಇಂಥ ದಪ್ಪ ಗೋಡೆಗಳಲ್ಲಿ ಹೊರಮುಖದ ಕಲ್ಲಿನ ಸಾಲು ಬೇರೆ, ಒಳಮುಖದ ಸಾಲು ಬೇರೆ. ನಡುವೆ ಚೂರುಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು ಇಲ್ಲದಿದ್ದರೆ ಅಲುಗಿದಾಗ ಎರಡು ಸಾಲುಗಳೂ ಬೇರೆಯಾಗಿ ಬೀಳುತ್ತವೆ. ಕಿಲ್ಲಾರಿಯಲ್ಲಿ ಆದದ್ದೂ ಇದೇ. ಅಲ್ಲಿ ಎಷ್ಟೋ ಮನೆಗಳಲ್ಲಿ ಮರದ ಕಂಬ-ತೊಲೆಗಳ ಚೌಕಟ್ಟು ನಿಂತೇ ಇದ್ದು, ಗೋಡೆಗಳು ಮಾತ್ರ ಕುಸಿದಿದ್ದವು.

ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರಿಗೆ ಮನೆ ತೋರಿಸಿದೆವು. ಇಂಥ ಕಲ್ಲುಗೋಡೆಯ ಮನೆಗಳ ಬಲವರ್ಧನೆಗೆಂದೇ ಭಾರತೀಯ ಮಾನಕ ಬ್ಯೂರೋ 1993ರಲ್ಲಿ ಐಎಸ್ 13828 ಎಂಬ ಮಾರ್ಗಸೂಚಿ ಹೊರತಂದಿದೆ ಎಂದು ತಿಳಿದದ್ದು ಅವರಿಂದಲೇ. ಅವರ ಸಲಹೆಯಂತೆ ಕೆಲಸ ನಡೆಯಿತು.

ಮೊದಲು ಮಾಳಿಗೆಯ ಮಣ್ಣನ್ನು ನಾಲ್ಕೂ ಕಡೆಯಿಂದ ಸಮನಾಗಿ ಇಳಿಸಿದೆವು. ಬಡಿಗೇರರು ಉಳಿಯಿಂದ ಚುಚ್ಚಿ ಪ್ರತಿ ತೊಲೆಯನ್ನು ಪರೀಕ್ಷಿಸಿದರು. ಒದ್ದೆ ಗೋಡೆಯೊಳಗೆ ಹುದುಗಿದ್ದ ಎರಡು ತೊಲೆಗಳ ತುದಿ ಪುಡಿಪುಡಿಯಾಗಿತ್ತು. ನನ್ನ ರೈನ್‌ಕೋಟಿನ ಇನ್ನೊಂದು ಫಲ ಅದು! ಅವನ್ನು ಬದಲಿಸಿ, ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ 20 ಸೆಂಟಿಮೀಟರ್ ಮಣ್ಣನ್ನಷ್ಟೇ, ನೀರು ಹರಿದುಹೋಗುವಂತೆ ಇಳಿಜಾರಾಗಿ ಹಾಕಿದೆವು. 9,600 ಕಿಲೋ ಭಾರ 3,840ಕ್ಕೆ ಇಳಿಯಿತು. ತಂಪಿಗೆ ಬೇಕಾದ ಮಣ್ಣೂ ಉಳಿಯಿತು. ಹೀಗೆ ಕಾಕಾನ ಮಾತೂ ನಡೆಯಿತು, ನನ್ನ ಮಾತೂ ನಡೆಯಿತು.

ಆಮೇಲೆ ಗೋಡೆಯಲ್ಲಿ ಸುಮಾರು ಮೀಟರಿಗೊಂದರಂತೆ ಕಲ್ಲುಗಳನ್ನು ಮೆಲ್ಲನೆ ಬಿಡಿಸಿ, ಆರಪಾರ ರಂಧ್ರ ಮಾಡಿ, ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದೆವು. ಗೋಡೆಯ ಎರಡು ಮುಖಗಳು ಈಗ ಒಂದಾದವು. ಕಂಬ-ತೊಲೆ ಕೂಡುವಲ್ಲಿ ಓರೆಯಾಗಿ ಮರದ ಪಟ್ಟಿ ಕೊಟ್ಟು ತ್ರಿಕೋನ ಮಾಡಿದೆವು. ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಇದನ್ನು ಬೆಂಕಿಕಡ್ಡಿಗಳಲ್ಲಿ ಯಾರೂ ಮಾಡಿ ನೋಡಬಹುದು.

ಕೊನೆಗೆ ಸಿಮೆಂಟಿನ ಗಿಲಾಯಿ ಕೆತ್ತಿಸಿ, ಗೋಡೆ ಆರಲು ಬಿಟ್ಟು, ಒಳಗೆ ಹುಲ್ಲು ಬೆರೆಸಿದ ಮಣ್ಣು, ಹೊರಗೆ ಸುಣ್ಣದ ಗಾರೆ ಮಾಡಿಸಿದೆವು. ಸುಟ್ಟ ಸುಣ್ಣ ನೀರು ಕುಡಿದು ಕೊತಕೊತ ಕುದಿದು ಅರಳುತ್ತದೆ. ಮಕ್ಕಳು ಇದರ ಹತ್ತಿರ ಬಾಗಿ ನೋಡಬಾರದು, ಕಣ್ಣಿಗೆ ಸಿಡಿದರೆ ಅಪಾಯ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲೇ ಆಗುತ್ತದೆ. ಕರಿಹಲಗೆಯ ಮೇಲೆ ನಾನು ನೂರಾರು ಸಲ ಬರೆದ ಸಮೀಕರಣ ಇದು.

ಕೆಲಸದವರೊಡನೆ

ಈ ವಯಸ್ಸಿನಲ್ಲಿ ದುರಸ್ತಿಗೆ ಕೈ ಹಾಕುವ ನನ್ನಂಥವರಿಗೆ ಕೆಲವು ಮಾತು. ಬಿತ್ತನೆ, ರಾಶಿಯ ದಿನಗಳಲ್ಲಿ ಕೆಲಸದವರು ಸಿಗುವುದಿಲ್ಲ. ಅವರನ್ನು ಬೈದು ಫಲವಿಲ್ಲ, ಅವರಿಗೂ ಹೊಲವಿದೆ. ತೊಗರಿಯ ರಾಶಿ ಮುಗಿದ ಮೇಲೆ ಹಿಡಿದ ಕೆಲಸ ಮಿರಗಾ ಮಳೆಯೊಳಗೆ ಮುಗಿಯಬೇಕು. ಅಳತೆ ಮಾಡಬಹುದಾದ ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಹಳೆಯ ಗೋಡೆ ಬಿಚ್ಚುವ ಕೆಲಸವನ್ನು ದಿನಗೂಲಿಗೇ ಮಾಡಿಸಿ. ಅಲ್ಲಿ ಅವಸರ ಕೂಡದು. ಮಾತಾದದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮುಂಗಡ ಸ್ವಲ್ಪವೇ ಕೊಡಿ, ಆದರೆ ವಾರದ ಬಟವಾಡೆಯನ್ನು ಒಂದು ದಿನವೂ ತಪ್ಪಿಸಬೇಡಿ. ಎಲ್ಲಕ್ಕಿಂತ ಮುಖ್ಯ, ‘ಹೀಗೆ ಮಾಡು’ ಎನ್ನುವ ಮೊದಲು ‘ಹೇಗೆ ಮಾಡಬೇಕು?’ ಎಂದು ಕೇಳಿ.

ಕಾಕಾನ ಜೊತೆ ಕೆಲಸಕ್ಕೆ ಬಂದ ಒಬ್ಬ ಯುವಕ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ನಪಾಸಾಗಿ ಶಾಲೆ ಬಿಟ್ಟವನು. ಮೊದಲ ವಾರ ನನ್ನ ಎದುರಿಗೇ ಬರುತ್ತಿರಲಿಲ್ಲ. ಒಂದು ದಿನ ಅವನು ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು ಮನೆಯ ಎರಡು ಮೂಲೆಗಳ ಮಟ್ಟ ನೋಡುತ್ತಿದ್ದ. ಇನ್ನೊಂದು ದಿನ ದಾರಕ್ಕೆ ಮೂರು, ನಾಲ್ಕು, ಐದು ಅಡಿಗೆ ಗುರುತು ಮಾಡಿ ಕಟ್ಟೆಯ ಮೂಲೆಯನ್ನು ಕರಾರುವಾಕ್ಕಾಗಿ ಲಂಬಕೋನಕ್ಕೆ ತಂದ. ದ್ರವ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂಬುದನ್ನೂ ಪೈಥಾಗೊರಸನ ಪ್ರಮೇಯವನ್ನೂ ಅವನು ದಿನವೂ ಬಳಸುತ್ತಿದ್ದಾನೆ. ಉತ್ತರಪತ್ರಿಕೆಯಲ್ಲಿ ಬರೆಯಲಾಗಲಿಲ್ಲ, ಅಷ್ಟೆ. “ನೀ ನಪಾಸ್ ಆಗಿಲ್ಲೋ, ನಾ ಸರಿ ಕಲ್ಸಿಲ್ಲ” ಎಂದೆ. ತಲೆ ತಗ್ಗಿಸಿ ನಕ್ಕ. ಅಂದಿನಿಂದ ನನ್ನ ಪ್ರಶ್ನೆಗಳಿಗೆ ಅವನೇ ಮುಂದಾಗಿ ಉತ್ತರ ಹೇಳತೊಡಗಿದ. ‘ಓದದಿದ್ದರೆ ಕಲ್ಲು ಹೊರಬೇಕಾದೀತು’ ಎಂದು ಮಕ್ಕಳನ್ನು ಹೆದರಿಸುವ ಪಾಲಕರು, ನನ್ನಂಥ ಶಿಕ್ಷಕರು ಒಮ್ಮೆ ಯೋಚಿಸಬೇಕು. ಕಲ್ಲು ಹೊರುವುದರಲ್ಲೂ ಓದು ಇದೆ.

ಈ ಜೂನಿನ ಮೊದಲ ದೊಡ್ಡ ಮಳೆಗೆ ಅಡುಗೆಮನೆಯ ಮೂಲೆಯಲ್ಲಿ ಒಂದು ಕಡೆ ಸೋರಿತು. ಕಾಕಾ ಕರೆಯದೆಯೇ ಬಂದು ನೋಡಿ, ನೀರು ಹೋಗುವ ದೋಣಿಯ ಬುಡ ಸರಿಮಾಡಿ ಹೋದರು. ಮನೆ ಇನ್ನು ಭೂಕಂಪಕ್ಕೆ ಜಗ್ಗುವುದೇ ಇಲ್ಲ ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ವಿಜ್ಞಾನವಲ್ಲ. ಅಪಾಯ ಕಡಿಮೆಯಾಗಿದೆ ಎಂದಷ್ಟೇ ಹೇಳಬಲ್ಲೆ. ಮೊಮ್ಮಕ್ಕಳು ಈಗ ಪಡಸಾಲೆಯಲ್ಲಿ ಮಲಗುತ್ತಾರೆ.

ನಿಮ್ಮದೂ ಮಾಳಿಗೆ ಮನೆಯೇ? ಹಾಗಾದರೆ ಈ ಭಾನುವಾರ ಮಕ್ಕಳ ಕೈಗೆ ಅಳತೆಯ ಟೇಪು ಕೊಡಿ. ಮಾಳಿಗೆಯ ಮಣ್ಣು ಎಷ್ಟು ದಪ್ಪವಿದೆ, ಗೋಡೆ ಎಲ್ಲಿ ಉಬ್ಬಿದೆ, ತೊಲೆಯ ತುದಿ ಎಲ್ಲಿ ಒದ್ದೆಯಾಗಿದೆ ಎಂದು ಅವರೇ ನೋಡಿ ಬರೆಯಲಿ. ಅಮೇಲೆ ಊರಿನ ಹಿರಿಯ ಗೌಂಡಿಯನ್ನೂ ತಿಳಿದ ಎಂಜಿನಿಯರರನ್ನೂ ಒಟ್ಟಿಗೆ ಕರೆದು, ಆ ಬರಹ ತೋರಿಸಿ ಕೇಳಿ.