ಕಡಲತಳ ಎದ್ದಾಗ



ಜ್ವರ ಎಷ್ಟು ಡಿಗ್ರಿ ಎಂದು ತಿಳಿದ ಮಾತ್ರಕ್ಕೆ ರೋಗ ಯಾವುದೆಂದು ವೈದ್ಯರಾದ ನಾವು ಹೇಳಲಾರೆವು. ಭೂಕಂಪದ ಪರಿಮಾಣವೂ ಹಾಗೆಯೇ. ಸುನಾಮಿ ಏಳುವುದೋ ಇಲ್ಲವೋ ಎಂಬುದನ್ನು ಆ ಅಂಕಿಯೊಂದೇ ತಿಳಿಸದು. ಕಡಲತಳ ಯಾವ ದಿಕ್ಕಿಗೆ ಸರಿಯಿತೆಂಬುದನ್ನೂ ಕೇಳಬೇಕು.

2004ರ ಡಿಸೆಂಬರ್ 26ರಂದು ಸುಮಾತ್ರಾದ ಪಶ್ಚಿಮ ಕರಾವಳಿಯಾಚೆ 9.1 ಪರಿಮಾಣದ ಭೂಕಂಪವಾಯಿತು. ಅಲ್ಲಿ ಭಾರತ ಫಲಕವೆಂಬ ಬೃಹತ್ ಶಿಲಾಹಾಸು ಬರ್ಮಾ ಫಲಕದ ಅಡಿಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ನುಸುಳುತ್ತಿದೆ. ಆದರೆ ಎರಡೂ ಸುಲಭವಾಗಿ ಜಾರುವುದಿಲ್ಲ. ಕೆಳಗಿನದು ಮೇಲಿನದರ ಅಂಚನ್ನು ಕಚ್ಚಿ ತನ್ನೊಡನೆ ಒಳಕ್ಕೆಳೆಯುತ್ತದೆ; ಮೇಲಿನದು ಬಾಗಿಸಿದ ಬೆತ್ತದಂತೆ ಶತಮಾನಗಳ ಕಾಲ ಬಿಗಿದುಕೊಂಡಿರುತ್ತದೆ. ಅಂದು ಆ ಹಿಡಿತ ಸುಮಾರು 1300 ಕಿಲೋಮೀಟರ್ ಉದ್ದಕ್ಕೆ ಕಳಚಿತು. ಅಂಚು ಮೇಲಕ್ಕೆ ಚಿಮ್ಮಿ ಕಡಲತಳ ಕೆಲವೆಡೆ ಹಲವು ಮೀಟರ್ ಎದ್ದಿತು. ಅದರ ಹಿಂಬದಿ ಕುಸಿಯಿತು. ನೀರನ್ನು ಅದುಮಿ ಕುಗ್ಗಿಸಲಾಗದು, ಪಕ್ಕಕ್ಕೆ ಹರಿದುಹೋಗಲು ಅದಕ್ಕೆ ವೇಳೆಯೂ ಇರಲಿಲ್ಲ. ಆದುದರಿಂದ ತಳದ ಉಬ್ಬುತಗ್ಗುಗಳೇ ಕಡಲ ಮೇಲ್ಮೈಯಲ್ಲೂ ಮೂಡಿದವು. ಆ ನೀರಿನ ದಿಬ್ಬ ಸಮತಟ್ಟಾಗಲು ಹೊರಟಾಗ ಹುಟ್ಟಿದ್ದೇ ಸುನಾಮಿ. ಪೂರ್ವದಲ್ಲಿ ಥಾಯ್ಲೆಂಡಿನ ಕಡೆಗೆ ಮೊದಲು ಹೊರಟದ್ದು ತಗ್ಗು. ಪಶ್ಚಿಮಕ್ಕೆ, ಭಾರತದತ್ತ, ಹೊರಟದ್ದು ಉಬ್ಬು. ಹಾಗಾಗಿ ಅಪಾಯಕ್ಕೆ ಮುನ್ನ ಕಡಲು ಹಿಂದೆ ಸರಿದೇ ತೀರುತ್ತದೆಂಬ ನಂಬಿಕೆ ಅರ್ಧಸತ್ಯ.

ಗಾಳಿಯ ಅಲೆ ಮೇಲ್ಪದರವನ್ನಷ್ಟೇ ಕಲಕುತ್ತದೆ. ಸುನಾಮಿಯಲ್ಲಿ ತಳದವರೆಗಿನ ನೀರೆಲ್ಲ ಚಲಿಸುತ್ತದೆ. 4000 ಮೀಟರ್ ಆಳವಿದ್ದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿಲೋಮೀಟರ್. ಅಂದು ನಡುಗಡಲಿನಲ್ಲಿ ಉಪಗ್ರಹ ಅಳೆದ ಅಲೆಯ ಎತ್ತರವಾದರೋ ಸುಮಾರು 60 ಸೆಂಟಿಮೀಟರ್ ಮಾತ್ರ! ದಡದ ಬಳಿ ಆಳ ಕಡಿಮೆಯಾದಂತೆ ಅಲೆಯ ಮುಂಭಾಗ ನಿಧಾನವಾಗುತ್ತದೆ, ಹಿಂದಿನ ನೀರು ಒತ್ತರಿಸಿ ಬರುತ್ತದೆ, ಎತ್ತರ ಏರುತ್ತದೆ. ಸುಮಾರು ಎರಡೂವರೆ ಗಂಟೆಯಲ್ಲಿ ಅದು ಚೆನ್ನೈ ತಲುಪಿತ್ತು. ಎಲ್ಲ ದೇಶಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದರು.

2012ರ ಏಪ್ರಿಲ್ 11ರಂದು ಅದೇ ಸುಮಾತ್ರಾದಾಚೆ 8.6 ಪರಿಮಾಣದ ಕಂಪನವಾಯಿತು. ದಡಗಳಲ್ಲಿ ಅಳೆದ ಅಲೆ ಒಂದು ಮೀಟರಿನ ಆಸುಪಾಸನ್ನು ದಾಟಲಿಲ್ಲ. ಅಲ್ಲಿ ಶಿಲೆಗಳು ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಸರಿದಿದ್ದವು. ನೀರನ್ನು ಎತ್ತುವ ಚಲನೆ ಅತ್ಯಲ್ಪವಾಗಿತ್ತು.

ನಾವು ನೆಲೆಸಿರುವ ವಾಷಿಂಗ್ಟನ್, ಒರೆಗಾನ್ ಕರಾವಳಿಯಾಚೆ ಇರುವುದು ದುರದೃಷ್ಟವಶಾತ್ ಮೊದಲ ಬಗೆಯ ಸಂಧಿ. 1700ರ ಜನವರಿ 26ರಂದು ಅದು ಜಾರಿದಾಗ ಎದ್ದ ಅಲೆಗಳು ಜಪಾನಿನವರೆಗೂ ಹೋದವು. ಆ ದಿನಾಂಕ ನಮಗೆ ತಿಳಿದಿರುವುದು ಅಲ್ಲಿನ ಕಡತಗಳಿಂದಲೇ. ಅದು ಮತ್ತೆ ಜಾರಿದರೆ ಹತ್ತಿರದ ದಡಗಳಿಗೆ ಅಲೆ ಬರಲು ಅರ್ಧ ಗಂಟೆಯೂ ಹಿಡಿಯದು. ಮಕ್ಕಳೊಡನೆ ಕಡಲತೀರದಲ್ಲಿರುವಾಗ ನೆಲ ಜೋರಾಗಿ, ದೀರ್ಘವಾಗಿ ನಡುಗಿದರೆ ಸೈರನ್ನಿಗಾಗಿ ಕಾಯದೆ ಎತ್ತರದ ಜಾಗಕ್ಕೆ ನಡೆಯತಕ್ಕದ್ದು; ಮೊದಲ ಅಲೆ ಇಳಿಯಿತೆಂದು ಕೂಡಲೇ ಕೆಳಗಿಳಿಯಬಾರದು, ಮುಂದಿನ ಅಲೆಗಳು ಗಂಟೆಗಟ್ಟಲೆ ಬರುತ್ತಲೇ ಇರುತ್ತವೆ.