ಚರಗದ ಹಾದಿ, ಟಿಕೆಟಿನ ನಡಿಗೆ

ಕಲಬುರಗಿ ಸೀಮೆಯಲ್ಲಿ ಹೊಲಗಳ ನಡುವೆ ಸುಖವಾಗಿ ನಡೆಯಲು ಸಿಗುವುದು ಒಂದೇ ಋತು. ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿದರೆ ಚಪ್ಪಲಿಯ ತಳಕ್ಕೆ ಕರಿಮಣ್ಣು ಹೆಂಟೆಯಾಗಿ ಹತ್ತಿಕೊಳ್ಳುತ್ತದೆ; ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಟ್ಟಿಗೆಯ ತುಂಡಿನಿಂದ ಕೆರೆದುಕೊಳ್ಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುತ್ತದೆ, ಆಗ ದನಗಳೇ ನೆರಳು ಬಿಟ್ಟು ಕದಲುವುದಿಲ್ಲ. ಉಳಿಯುವುದು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಯ ದಿನಗಳು. ನೆಲ ಬಿಗಿದಿರುತ್ತದೆ, ತೊಗರಿ ಕಾಯಿ ಕಟ್ಟಿರುತ್ತದೆ, ಬಿಳಿಜೋಳ ಎದೆಮಟ್ಟಕ್ಕೆ ಬಂದಿರುತ್ತದೆ, ಬದುವಿನ ಕಡೆ ಕುಸುಬೆ ಮುಳ್ಳು ಚಾಚಿರುತ್ತದೆ. ತಿಳಿದವರೊಬ್ಬರನ್ನು ಮುಂದೆ ಬಿಟ್ಟುಕೊಂಡು ಗುಂಪಾಗಿ ಹಳ್ಳಿಗಾಡು ಸುತ್ತುವ ಹವ್ಯಾಸ ಈಗ ಎಲ್ಲ ದೊಡ್ಡ ನಗರಗಳಲ್ಲೂ ಚಳಿಗಾಲದ ವಾರಾಂತ್ಯದ ವಹಿವಾಟು. ಅದು ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಜಿಲ್ಲೆಗಳಿಗೆ ಹರಡುತ್ತಿದೆ ಎನ್ನುವುದು ವಾಡಿಕೆಯ ಮಾತು. ಅದರಲ್ಲಿ ಅರ್ಧ ನಿಜ. ಉಳಿದರ್ಧಕ್ಕೆ ಕಲಬುರಗಿಯ ಸೇಡಂ ರಸ್ತೆಯ ಆಚೀಚಿನ ಹೊಲಗಳನ್ನೇ ನೋಡಬೇಕು.

ಮೊದಲು ಇಂಗ್ಲೆಂಡಿನ ಕಥೆ. ಹದಿನೆಂಟು–ಹತ್ತೊಂಬತ್ತನೇ ಶತಮಾನಗಳಲ್ಲಿ ಅಲ್ಲಿ ಊರೊಟ್ಟಿನ ಮಾಳಗಳಿಗೆ ಬೇಲಿ ಬಿತ್ತು. ಹೊಲ ಬಿಟ್ಟ ಜನ ಮ್ಯಾಂಚೆಸ್ಟರಿನಂಥ ಗಿರಣಿ ಊರುಗಳಿಗೆ ಸೇರಿದರು; ಭಾನುವಾರ ಮತ್ತೆ ಹೊಲಗಾಡಿಗೆ ಹೋಗಬೇಕೆಂದರೆ ಹಳೆಯ ಕಾಲುದಾರಿಗೆ ಗೇಟು ಬಿದ್ದಿತ್ತು. ಅದೇ ಮ್ಯಾಂಚೆಸ್ಟರಿನಲ್ಲಿ 1826ರಲ್ಲೇ ಕಾಲುದಾರಿಗಳನ್ನು ಉಳಿಸುವ ಸಂಘ ಹುಟ್ಟಿತು. 1932ರ ಏಪ್ರಿಲ್ 24ರಂದು ಸುಮಾರು ನಾನೂರು ಜನ, ಹೆಚ್ಚಿನವರು ಕೂಲಿಕಾರರ ಮಕ್ಕಳು, ಬೇಟೆಗೆಂದು ಕಾಯ್ದಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಅತಿಕ್ರಮಿಸಿ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಅವನೂ ಸೇರಿ ಐದು ಜನ ಜೈಲಿಗೆ ಹೋದರು. 1935ರಲ್ಲಿ ನಡಿಗೆಗಾರರ ರಾಷ್ಟ್ರೀಯ ಸಂಘ, 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ, 2000ದಲ್ಲಿ ಬಯಲಲ್ಲಿ ಅಡ್ಡಾಡುವ ಹಕ್ಕಿನ ಕಾಯ್ದೆ ಬಂದವು. ಅದೇ ಸಂಘ ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವಿನ ದಿನಗಳಲ್ಲಿ ಊರೂರಲ್ಲಿ ಚಳಿಗಾಲದ ನಡಿಗೆ ಏರ್ಪಡಿಸುವ ರೂಢಿ ಹಾಕಿತು. ಈ ಸರಣಿಯ ಒಳಗಿರುವ ಕಾರಣ ಸರಳ: ಹೊಲಕ್ಕೆ ಕರೆಯುವ ನೆಂಟರು ಯಾರೂ ಉಳಿಯದಿದ್ದಾಗ ಜನ ಸಂಘ ಕಟ್ಟಿಕೊಂಡು, ಮುಂದಾಳನ್ನು ಇಟ್ಟುಕೊಂಡು, ಹಕ್ಕು ಕೇಳಿ ಹೋಗಬೇಕಾಯಿತು.

ಬೆಂಗಳೂರಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ, ಗಲಾಟೆ ಮಾತ್ರ ಇಲ್ಲ. ಲಾಲ್‌ಬಾಗಿನಲ್ಲಿ ಪಕ್ಷಿವೀಕ್ಷಕರು ತಿಂಗಳ ಎರಡನೇ ಭಾನುವಾರ ಸೇರುವ ಪರಿಪಾಠ ದಶಕಗಳಷ್ಟು ಹಳೆಯದು; 2005ರಲ್ಲಿ ಶುರುವಾದ ಬ್ಯಾಂಗಲೋರ್ ವಾಕ್ಸ್ ಶುಲ್ಕ ಪಡೆದು ಕಥೆ ಹೇಳುತ್ತ ನಡೆಸುವ ಮಾದರಿಯನ್ನು ಜನಪ್ರಿಯ ಮಾಡಿತು. ಆಮೇಲೆ ಕಂಪನಿಗಳ ಟ್ರೆಕ್ಕಿಂಗ್ ಅಲೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಒತ್ತೊತ್ತಾಗಿ ನಿಂತ ಚಿತ್ರಗಳು ಹರಿದಾಡಿದವು. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿದು, ಆ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ತೆರೆಯಿತು. ಒಂದು ಚಾರಣಪಥಕ್ಕೆ ದಿನಕ್ಕೆ ಮುನ್ನೂರು ಜನರ ಮಿತಿ ಬಂತು. ಕಾಡಿಗೆ ಈ ವ್ಯವಸ್ಥೆ ಸರಿಯೇ, ಯಾಕೆಂದರೆ ಕಾಡಿಗೆ ಒಡೆಯನೆಂದರೆ ಇಲಾಖೆ. ಬಯಲುಸೀಮೆಯ ಹೊಲಕ್ಕೆ ಒಡೆಯ ಬೇರೆ. ಅಲ್ಲಿ ಈ ಮಾದರಿ ಹೊಂದುವುದಿಲ್ಲ.

ಇಲ್ಲಿ ಹೊಂದುವ ಮಾದರಿ ಮೊದಲಿನಿಂದಲೂ ಇದೆ. ಮಾರ್ಗಶಿರದ ಕೊನೆಗೆ, ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬೀಳುವ ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ಪೇಟೆ ಬಣಗುಡುತ್ತದೆ. ಬಸ್ಸು, ಟಂಟಂ, ಟ್ರ್ಯಾಕ್ಟರ್, ಎಲ್ಲ ಹೊಲದ ಕಡೆಗೆ. ಸ್ವಂತ ಹೊಲವಿಲ್ಲದವರನ್ನು ಗೆಳೆಯರು ಹಿಂದಿನ ವಾರವೇ ಹೇಳಿ ಕಳಿಸಿ ಕರೆದಿರುತ್ತಾರೆ. ಜೋಳದ ದಂಟಿನಲ್ಲಿ ಕಟ್ಟಿದ ಕೊಪ್ಪೆಯೊಳಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಬಸುರಿ ಭೂತಾಯಿಗೆ ಉಡಿ ತುಂಬುತ್ತಾರೆ. ಆಮೇಲೆ ಮುಖ್ಯ ಕೆಲಸ: ಒಬ್ಬರು ಬುಟ್ಟಿಯಲ್ಲಿ ಸಜ್ಜೆ ಕಡುಬು, ಬಜ್ಜಿ ಕಲಸಿದ ಚರಗ ಹಿಡಿದು ಬೆಳೆಯ ಮೇಲೆ ಚೆಲ್ಲುತ್ತ ಮುಂದೆ, ಹಿಂದೆ ಒಬ್ಬರು ನೀರಿನ ತಂಬಿಗೆ ಹಿಡಿದು, ಅವರ ಹಿಂದೆ ಮಕ್ಕಳು ಕೂಗು ಹಾಕುತ್ತ, ಹೊಲದ ನಾಲ್ಕೂ ಬದುವಿನ ಸುತ್ತು. ಆ ಸುತ್ತಿನಲ್ಲೇ ಅತಿಥಿಗಳಿಗೆ ಎಲ್ಲ ತಿಳಿಯುತ್ತದೆ: ಬಾವಿ ಎಷ್ಟು ಇಳಿದಿದೆ, ಬದು ಒತ್ತಿದವರು ಯಾರು, ಈ ಸಲ ಕಾಳು ಯಾಕೆ ಜೊಳ್ಳು. ಬಳಿಕ ಬನ್ನಿಗಿಡದ ನೆರಳಲ್ಲಿ ಅಂಬಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಸೊಪ್ಪು ಎಲ್ಲ ಬಿದ್ದ ಬಜ್ಜಿಯನ್ನು ಒಂದು ತುತ್ತು ತಿಂದರೆ ಆ ಸುತ್ತಿನ ಬೆಳೆಗಳ ಪಟ್ಟಿಯೇ ನಾಲಿಗೆ ಮೇಲೆ ಬರುತ್ತದೆ. ಗಡಿಯಾಚೆ ಲಾತೂರಿನವರು ಇದೇ ದಿನವನ್ನು ಇದೇ ರೀತಿ, ವೇಳ ಅಮಾವಾಸ್ಯೆಯೆಂದು ಮಾಡುತ್ತಾರೆ.

ಇದು ಪೂಜೆ, ಇದನ್ನು ನಡಿಗೆ ಎನ್ನುವುದು ಎಳೆದು ತಂದ ಮಾತು ಎಂದು ಯಾರಾದರೂ ಆಕ್ಷೇಪಿಸಬಹುದು. ಹೊಲದವರೆಗೆ ಎಲ್ಲರೂ ಗಾಡಿಯಲ್ಲೇ ಬರುತ್ತಾರಲ್ಲ ಎಂದೂ ಕೇಳಬಹುದು. ಇಂಗ್ಲೆಂಡಿನ ನಡಿಗೆಗಾರರೂ ರೈಲಿನಲ್ಲೇ ಬರುತ್ತಿದ್ದರು. ಎಲ್ಲಿಂದ ಶುರು, ಯಾವ ದಿಕ್ಕಿಗೆ ಸುತ್ತು, ಎಲ್ಲಿ ನಿಲ್ಲಬೇಕು, ಎಲ್ಲಿ ಊಟ, ಮುಂದೆ ಯಾರು, ಹಿಂದೆ ಯಾರು, ಇಷ್ಟು ಗೊತ್ತಿದ್ದರೆ ಅದು ಮಾರ್ಗದರ್ಶಿತ ನಡಿಗೆಯೇ. ಭಕ್ತಿ ಇದೆಯೆಂದು ನಡಿಗೆ ಅಲ್ಲದಾಗುವುದಾದರೆ ಆಳಂದದ ಕಡೆಯಿಂದ ಪಂಢರಪುರಕ್ಕೆ ಹೋಗುವ ದಿಂಡಿಗಳನ್ನೂ ಪಟ್ಟಿಯಿಂದ ತೆಗೆಯಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರದ್ದು. ಚರಗ ಚೆಲ್ಲಲು ಹೊಲ ಬೇಕು. ಹೊಲ ಇದ್ದವರು ಯಾರನ್ನು ಕರೆಯುತ್ತಾರೆ? ನೆಂಟರನ್ನು, ಆಫೀಸಿನವರನ್ನು, ಬಹಳ ಕಡೆ ತಮ್ಮವರನ್ನೇ. ವರ್ಷವಿಡೀ ಅದೇ ಹೊಲದಲ್ಲಿ ಕಳೆ ತೆಗೆದವರು ಆ ದಿನ ಯಾವ ಪಂಕ್ತಿಯಲ್ಲಿ ಕೂರುತ್ತಾರೆ ಎಂಬ ಪ್ರಶ್ನೆಗೆ ಎಲ್ಲ ಊರುಗಳಲ್ಲೂ ಹೆಮ್ಮೆಯ ಉತ್ತರ ಸಿಗುವುದಿಲ್ಲ. ಈ ಒಂದು ವಿಷಯದಲ್ಲಿ ಟಿಕೆಟಿನ ನಡಿಗೆ ಹಬ್ಬಕ್ಕಿಂತ ಮೇಲು. ದುಡ್ಡು ಕೊಟ್ಟವರ ಕುಲ ಯಾರೂ ಕೇಳುವುದಿಲ್ಲ, ಒಂಟಿ ಹೆಣ್ಣುಮಗಳೂ ಹೆಸರು ಬರೆಸಿ ಬರಬಹುದು, ರಾಯಚೂರಿನಿಂದ ವರ್ಗವಾಗಿ ಬಂದ ಗುಮಾಸ್ತನೂ ಬರಬಹುದು. ಆದ್ದರಿಂದ ಹಬ್ಬ ಇದೆಯಲ್ಲ, ಹೊಸದೇಕೆ ಎನ್ನುವ ವಾದ ನಿಲ್ಲುವುದಿಲ್ಲ. ಹೊಸ ನಡಿಗೆ ಬರಲಿ. ಅದರ ಮುಂದಾಳು ಯಾರು ಎಂಬಲ್ಲಿ ಮಾತ್ರ ಹಬ್ಬದ ಪಾಠ ಕೇಳಬೇಕು. ಹಬ್ಬದಲ್ಲಿ ಮುಂದೆ ನಡೆಯುವವನು ಹೊಲದವನು.

ಈ ಮಾತು ಈಗ ಆಡಬೇಕಾಗಿರುವುದಕ್ಕೆ ಸೇಡಂ ರಸ್ತೆಯೇ ಕಾರಣ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದು ಈ ರಸ್ತೆಯಲ್ಲೇ. ಬುದ್ಧ ವಿಹಾರ, ಇ.ಎಸ್.ಐ. ಆಸ್ಪತ್ರೆ ಒಂದೊಂದಾಗಿ ಬಂದವು. 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿ ಬಳಿ ವಿಮಾನ ನಿಲ್ದಾಣ ತೆರೆಯಿತು. ನಡುವಿನ ಹೊಲಗಳಲ್ಲಿ ಎನ್.ಎ. (ಕೃಷಿಯೇತರ) ಆದ ಲೇಔಟಿನ ಕಲ್ಲುಗಳು ನಿಂತಿವೆ. ಹೊಲ ಮಾರಿದ ಮನೆಯ ಮೊಮ್ಮಕ್ಕಳಿಗೆ ಎಳ್ಳ ಅಮಾವಾಸ್ಯೆಯಂದು ಕರೆಯುವವರು ಇರುವುದಿಲ್ಲ. ಮ್ಯಾಂಚೆಸ್ಟರಿನ ಮೊದಲ ಅಧ್ಯಾಯ ಇಲ್ಲಿ ಈಗ ನಡೆಯುತ್ತಿದೆ, ಆದರೆ ಮುಂದಿನ ಅಧ್ಯಾಯ ಹಾಗೇ ಇರಬೇಕಿಲ್ಲ. ನಮ್ಮಲ್ಲಿ ಬಯಲಲ್ಲಿ ಅಡ್ಡಾಡುವ ಹಕ್ಕಿನ ಕಾಯ್ದೆ ಇಲ್ಲ, ಆದರೆ ಗ್ರಾಮ ನಕಾಶೆ ಇದೆ. ಜೋಡು ಚುಕ್ಕೆಗೆರೆಯ ಬಂಡಿದಾರಿ, ಒಂಟಿ ಚುಕ್ಕೆಗೆರೆಯ ಕಾಲುದಾರಿ ಅದರಲ್ಲಿ ಸ್ಪಷ್ಟ. ಒತ್ತುವರಿಯಾಗದೆ ಉಳಿದ ಅಂಥ ದಾರಿಗಳನ್ನು ಹಿಡಿದೇ ನಡಿಗೆ ರೂಪಿಸಬಹುದು. ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಯಿಂದ ಹೊರಟರೆ ರಾಷ್ಟ್ರಕೂಟರ ರಾಜಧಾನಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ತೊಗರಿ ಹೊಲ ಮೂರೂ ಒಂದೇ ಬೆಳಗಿನಲ್ಲಿ ಸಿಗುತ್ತವೆ. ನಗರದ ಇನ್ನೊಂದು ಮಗ್ಗುಲಲ್ಲಿ, ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ತೋಟಗಳಿವೆ.

ಅಂಥ ನಡಿಗೆಯಲ್ಲಿ ನಗರದ ಗೈಡು ಹೇಳಲಾರದ್ದು ಏನು ಎನ್ನುವುದಕ್ಕೆ ನೆಟೆರೋಗ ಸಾಕು. ಹಸಿರು ಸಾಲಿನ ನಡುವೆ ತೊಗರಿ ಗಿಡವೊಂದು ಕಾಯಿ ಸಮೇತ ಒಣಗಿ ನಿಂತಿರುತ್ತದೆ. ನೋಡುವವರಿಗೆ ಅದು ಕೊಯ್ಲಿಗೆ ಬಂದ ಗಿಡ. ಹೊಲದವನು ಕುಡುಗೋಲಿನಿಂದ ಬುಡದ ಕಾಂಡ ಸೀಳಿ, ಒಳಗೆ ಮೇಲ್ಮುಖವಾಗಿ ಏರಿದ ಕಂದು ಗೆರೆ ತೋರಿಸುತ್ತಾನೆ. ನೆಲದಲ್ಲಿರುವ ಶಿಲೀಂಧ್ರ ನೀರಿನ ನಾಳವನ್ನೇ ಕಟ್ಟಿಹಾಕಿದೆ. 2022–23ರಲ್ಲಿ ಜಿಲ್ಲೆಯ ತೊಗರಿಯನ್ನು ದೊಡ್ಡ ಪ್ರಮಾಣದಲ್ಲಿ ಹಾಳುಮಾಡಿದ್ದು ಇದೇ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ‘ಗುಲಬರ್ಗಾ ತೊಗರಿಬೇಳೆ’ಯ ಬೆಲೆ ಅಂಗಡಿಯಲ್ಲಿ ಯಾಕೆ ಏರಿತು ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ಪಾಠ ಇರಲಿಕ್ಕಿಲ್ಲ.

ರೈತರಿಗೆ ಇಂಥ ನಡಿಗೆಯಿಂದ ರಗಳೆಯೇ ಹೆಚ್ಚು ಎನ್ನುವವರು ಮಹಾರಾಷ್ಟ್ರದ ಕಡೆ ನೋಡಬಹುದು. ಜನವರಿ–ಫೆಬ್ರುವರಿಯಲ್ಲಿ ಎಳೆ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜೊತೆ ತಿನ್ನುವ ಸೀತನಿ ನಮ್ಮಲ್ಲಿ ಇನ್ನೂ ಪುಕ್ಕಟೆ ಉಪಚಾರ. ಸೊಲ್ಲಾಪುರ, ಪುಣೆ ಕಡೆ ಅದೇ ಹುರಡಾ ಪಾರ್ಟಿಯಾಗಿ ತಲೆಗಿಷ್ಟು ಎಂದು ಹಣ ತರುತ್ತದೆ. 2020ರಲ್ಲಿ ಆ ರಾಜ್ಯ ಕೃಷಿ ಪ್ರವಾಸೋದ್ಯಮ ನೀತಿಯನ್ನೇ ತಂದಿತು. ಅಲ್ಲಿ ಕೆಲವು ಕಡೆ ಹೊಲ ಹೋಗಿ ರೆಸಾರ್ಟಾದದ್ದೂ ಉಂಟು, ಡಿಜೆ ಹಾಕಿ ಸೀತನಿ ತಿನ್ನಿಸುವ ಅನಾಹುತ ನಮಗೆ ಬೇಡ. ಗುಂಪು ಹದಿನೈದು–ಇಪ್ಪತ್ತನ್ನು ಮೀರಬಾರದು, ಶುಲ್ಕದ ದೊಡ್ಡ ಪಾಲು ಹೊಲದವನಿಗೂ ಬುತ್ತಿ ಕಟ್ಟಿದ ಹೆಣ್ಣುಮಕ್ಕಳಿಗೂ ಹೋಗಬೇಕು. ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆದ ವಾರ ಯಾರನ್ನೂ ಸಾಲಿನೊಳಗೆ ಬಿಡಬಾರದು. ಬುಕಿಂಗ್ ಎಷ್ಟೇ ಆಗಿರಲಿ, ಇವತ್ತು ಬೇಡ, ಮುಂದಿನ ವಾರ ಬನ್ನಿ ಎನ್ನುವ ಅಧಿಕಾರ ಹೊಲದವನದೇ ಆಗಿರಬೇಕು.